ಕ್ಯಾಪ್ಟನ್ ನೆಮೊ ನಮ್ಮವನೇ ಅಲ್ವಾ?

ಬಾಗಲಕೋಟೆಗೆ ಸಮುದ್ರ ಎಲ್ಲಿದೆ? ಆದರೂ ಜಲಾಂತರ್ಗಾಮಿ ಅಂದ ಕೂಡಲೇ ನನಗೆ ಕಾದಂಬರಿಯೊಳಗಿನ ಜಲಾಂತರ್ಗಾಮಿ ನಾಯಕ ಕ್ಯಾಪ್ಟನ್ ನೆಮೊನೇ ನೆನಪಾಗುತ್ತಾನೆ.

ಅವನನ್ನು ಸೃಷ್ಟಿಸಿದ ಫ್ರೆಂಚ್ ಲೇಖಕ ಜೂಲ್ಸ್ ವರ್ನ್, ನೆಮೊ ಮೊದಲು ಬಂದ ಕಾದಂಬರಿಯಲ್ಲಿ ಅವನ ಊರು ಯಾವುದು ಅಂತ ಹೇಳಲೇ ಇಲ್ಲ. 1875ರಲ್ಲಿ ಮುಗಿದ ಇನ್ನೊಂದು ಕಾದಂಬರಿಯಲ್ಲಿ ಗುಟ್ಟು ಬಿಟ್ಟುಕೊಟ್ಟ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸಂಬಂಧಿ, 1857ರ ದಂಗೆಯಲ್ಲಿ ಹೋರಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. (ಬುಂದೇಲಖಂಡಕ್ಕೂ ಟಿಪ್ಪುವಿಗೂ ಎಲ್ಲಿಯ ನೆಂಟಸ್ತನ ಅಂತ ಕೇಳಬೇಡಿ, ಕಾದಂಬರಿ ಸ್ವಾಮಿ!) ಅದೇ 1857ರಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ಇಂಗ್ಲಿಷರಿಗೆ ಎದುರು ನಿಂತಿದ್ದರು, ಲಾವಣಿಗಳಲ್ಲಿ ಅವರು ಇನ್ನೂ ಬದುಕಿದ್ದಾರೆ. ಹಾಗಾಗಿ ನೆಮೊನ ಸಿಟ್ಟು ನಮಗೆ ಹೊಸದೇನಲ್ಲ.

ಸಿನಿಮಾದವರು ಮಾತ್ರ ಇದನ್ನು ಸುಮ್ನೆ ಮರೆತರು. 1954ರಲ್ಲಿ ಜೇಮ್ಸ್ ಮೇಸನ್ ನೆಮೊ ಆದರು, ಚೆನ್ನಾಗಿಯೇ ಮಾಡಿದರು, ಆದರೆ ಭಾರತದ ಸುಳಿವೇ ಇಲ್ಲ. 2003ರಲ್ಲಿ ನಾಸಿರುದ್ದೀನ್ ಶಾ ಆ ಪಾತ್ರ ಮಾಡಿದಾಗ ನನಗಂತೂ ಜಾಸ್ತಿ ಖುಷಿಯಾಯಿತು, ಸಿನಿಮಾ ಅಷ್ಟಕ್ಕಷ್ಟೇ ಇದ್ದರೂ.

ಭೂಪಟದಲ್ಲೂ ಅವನ ಹೆಸರಿದೆ. ಪೆಸಿಫಿಕ್ ಸಾಗರದಲ್ಲಿ ನೆಲದಿಂದ ಅತಿ ದೂರದ ಜಾಗಕ್ಕೆ ಪಾಯಿಂಟ್ ನೆಮೊ ಅಂತಾರೆ. ಹತ್ತಿರದ ನೆಲವೇ ಸುಮಾರು 2,700 ಕಿ.ಮೀ. ದೂರ! ಕೆಲಸ ಮುಗಿದ ಬಾಹ್ಯಾಕಾಶ ನೌಕೆಗಳನ್ನು ಬೀಳಿಸುವುದೂ ಆ ಕಡೆಗೇ.