ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಬರುವ ಗಾಡಿಗಳಲ್ಲಿ ಅರ್ಧಕ್ಕರ್ಧ ತೋಟದ ಜೀಪುಗಳೇ. ನಮ್ಮ ಮಳೆಗೆ ಜೀಪಿನ ಬಾಡಿ ಮೊದಲು ಹೋಗುತ್ತದೆ. ನೆಲದ ತಗಡು, ಬೋಲ್ಟ್ ಕೂರುವ ಜಾಗ ಎಲ್ಲ ತುಕ್ಕು ಹಿಡಿದು ಉದುರುತ್ತದೆ. ಕೆಳಗೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಮತ್ತೆ ಇಂಜಿನ್ ಇನ್ನೂ ಗಟ್ಟಿಯಾಗಿರುತ್ತವೆ. ಆಗ ಆರ್‌ಸಿಯಲ್ಲಿರುವ ಮಾದರಿಯದ್ದೇ ಹೊಸ ಬಾಡಿ ತರಿಸಿ ಹಳೇ ಚಾಸಿ ಮೇಲೆ ಕೂರಿಸುತ್ತೇವೆ. ನಮ್ಮ ದೇಶದಲ್ಲಿ ಜೀಪು ಶುರುವಾಗಿದ್ದೇ ಜೋಡಿಸುವ ಕೆಲಸದಿಂದ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸುತ್ತಿದ್ದರು.

ಈ ಕೆಲಸದಲ್ಲಿ ನಾನು ಮಾಡಿದ ಮೊದಲ ದೊಡ್ಡ ತಪ್ಪನ್ನು ಇವತ್ತಿಗೂ ಮರೆತಿಲ್ಲ. ಸಿದ್ದಾಪುರ ಕಡೆಯ ಒಬ್ಬ ಪ್ಲಾಂಟರ್ ಜೀಪು ಅದು. ಕಾಫಿ ಕುಯ್ಲು ಹತ್ತಿರ ಬಂದಿತ್ತು, ಗಾಡಿ ಬೇಗ ಬೇಕಿತ್ತು. ನಾಲ್ಕು ಜನ ಸೇರಿ ಬಾಡಿ ಎತ್ತಿಟ್ಟೆವು. ಕಣ್ಣಿಗೆ ನೇರ ಕಂಡಿತು. ಮುಂದಿನ ಎರಡು ತೂತು ಹೊಡೆದು ಬೋಲ್ಟ್ ಬಿಗಿದೆ. ಆಮೇಲೆ ಹಿಂದಕ್ಕೆ ಬಂದರೆ ಹುಡುಗ ಟೇಪು ಹಿಡಿದು ನಿಂತಿದ್ದ. "ಅಣ್ಣಾ, ಬಲಗಡೆ ಜಾಸ್ತಿ ಇದೆ" ಅಂದ. ಎಡಗಡೆ ಟೈರಿಗೂ ಬಾಡಿಗೂ ನಡುವಿನ ಸಂದು ಬಲಗಡೆಗಿಂತ 20 ಮಿಲಿಮೀಟರ್ ಕಮ್ಮಿ.

ಲೆಕ್ಕ ಸರಳ. ಮುಂದಿನ ಎರಡು ತೂತುಗಳ ನಡುವೆ ಎರಡು ಅಡಿ ಅಂತರ. ಅದರಲ್ಲಿ ಒಂದು ತೂತು ಬರೀ 3 ಮಿಲಿಮೀಟರ್ ಮುಂದೆ ಹೋಗಿತ್ತು. ಅಷ್ಟಕ್ಕೇ ಆರೂವರೆ ಅಡಿ ಹಿಂದೆ ಇಡೀ ಬಾಡಿ 10 ಮಿಲಿಮೀಟರ್ ಪಕ್ಕಕ್ಕೆ ತಿರುಗಿತ್ತು. ಒಂದು ಕಡೆ 10 ಕಮ್ಮಿ, ಇನ್ನೊಂದು ಕಡೆ 10 ಜಾಸ್ತಿ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಹಿಂದಿನ ಮೂಲೆಯಲ್ಲಿ ಬಾಡಿ ಚಾಸಿಗೆ ತಾಗದೆ 4 ಮಿಲಿಮೀಟರ್ ಎದ್ದಿತ್ತು. ಬೋಲ್ಟ್ ಬಿಗಿದು ಎಳೆದುಬಿಟ್ಟೆ. ಮೇಲೆ ಛಾವಣಿ ಇಲ್ಲದ ಬಾಡಿ ಅಲ್ವಾ, ತಗಡಿನ ಡಬ್ಬಿ ಥರ ತಿರುಚಿಕೊಳ್ಳುತ್ತದೆ. ಹಿಂಬಾಗಿಲಿನ ಚೌಕ ಸೊಟ್ಟಗಾಯಿತು. ಬಾಗಿಲು ಹಾಕಲು ಹೋದರೆ ಒಂದು ಕಡೆ ಕೊಂಡಿ ಕೂರುತ್ತದೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದು. ಎಲ್ಲ ಬಿಚ್ಚಿ, ತೂತುಗಳನ್ನು ವೆಲ್ಡಿಂಗ್‌ನಲ್ಲಿ ಮುಚ್ಚಿ, ಮತ್ತೆ ಮೊದಲಿಂದ ಮಾಡಿದೆ. ಮಾಲೀಕರು ಬೈಯಲಿಲ್ಲ. "ಕುಯ್ಲಿಗೆ ಬಾಡಿಗೆ ಗಾಡಿ ಹಿಡೀತೀನಿ ಬಿಡಪ್ಪಾ" ಅಂದರು. ಬೈದಿದ್ದರೇ ವಾಸಿ ಅನಿಸಿತು.

ಈಗ ನಾನು ಚಾಸಿಯಿಂದ ಶುರು ಮಾಡುತ್ತೇನೆ. ಇಂಜಿನ್, ಗೇರ್‌ಬಾಕ್ಸ್ ಎಲ್ಲ ಅದರ ಮೇಲೇ ಇರಬೇಕು, ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಜಾಕಿ ಮೇಲೆ ತೆಗೆದ ಅಳತೆ ಭಾರ ಬಿದ್ದಾಗ ಬದಲಾಗುತ್ತದೆ. ಸ್ಪ್ರಿಂಗ್ ಪ್ಲೇಟ್ ಕೂರುವ ಬೋಲ್ಟ್‌ಗಳಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡುತ್ತೇನೆ. ನಟ್ಟು ಅಲುಗಾಡುವುದು ನಿಂತ ಮೇಲೆ ನೆಲದಲ್ಲಿ ಸೀಮೆಸುಣ್ಣದ ಗುರುತು. ನಾಲ್ಕು ಗುರುತುಗಳನ್ನು ಮೂಲೆಯಿಂದ ಮೂಲೆಗೆ ಅಳೆದರೆ ಚಾಸಿ ಸೊಟ್ಟಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೊಟ್ಟ ಚಾಸಿ ಮೇಲೆ ನೇರ ಬಾಡಿ ಕೂರಿಸಲು ಆಗುವುದಿಲ್ಲ, ಮೊದಲು ಅದನ್ನು ಸರಿ ಮಾಡಿಸಬೇಕು. ಆ ಗುರುತುಗಳಿಂದಲೇ ನಡುಗೆರೆ ಎಳೆಯುತ್ತೇನೆ. ಬಾಡಿಯ ನಡುವಿನಲ್ಲೂ ಒಂದು ದಾರ ಕಟ್ಟಿ, ಅದರಿಂದ ಇಳಿಬಿಟ್ಟ ನಟ್ಟು ಆ ಗೆರೆ ಮೇಲೇ ನಿಲ್ಲುವ ತನಕ ಬಾಡಿಯನ್ನು ಒಂಚೂರು ಒಂಚೂರು ಸರಿಸುತ್ತೇವೆ. ಆಮೇಲೆ ಹಿಂದಿನ ಆಕ್ಸೆಲ್‌ನಿಂದ ಎರಡೂ ಕಡೆ ಬಾಡಿಗೆ ಅಳತೆ.

ಗುಳ್ಳೆ ನೋಡಿ ಮಟ್ಟ ಹಿಡಿಯುವ ರಸಮಟ್ಟವನ್ನು ಇಲ್ಲಿ ನಂಬಬೇಡಿ. ಹಳೇ ಗಾಡಿಯಲ್ಲಿ ಡ್ರೈವರ್ ಕಡೆಯ ಸ್ಪ್ರಿಂಗ್ ಕುಸಿದಿದ್ದರೆ ಚಾಸಿಯೇ ವಾಲಿರುತ್ತದೆ. ಬಾಡಿಯನ್ನು ನೆಲಕ್ಕೆ ಮಟ್ಟ ಮಾಡಿದರೆ ಚಾಸಿಗೆ ಸೊಟ್ಟ.

ತೂತು ಹೊಡೆಯುವ ಮುಂಚೆ ಬಾನೆಟ್, ಮಡ್‌ಗಾರ್ಡ್, ಗ್ರಿಲ್, ಹಿಂಬಾಗಿಲು ಎಲ್ಲ ತೂಗುಹಾಕಿ ನೋಡುತ್ತೇನೆ. ಸ್ಟೀರಿಂಗ್ ರಾಡ್ ಬಾಡಿಗೆ ಉಜ್ಜಬಾರದು. ಸಂದು ಇರುವ ಕಡೆ ರಬ್ಬರ್ ಜೊತೆಗೆ ತಗಡು ಕತ್ತರಿಸಿ ಪ್ಯಾಕಿಂಗ್ ಕೊಡುತ್ತೇನೆ. ರಬ್ಬರ್ ಬೇಕೇ ಬೇಕು. ಮಾಂದಲಪಟ್ಟಿ ಬೆಟ್ಟದಂಥ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ, ಇನ್ನೊಂದು ಕಲ್ಲಿನ ಮೇಲೆ. ಚಾಸಿ ತಿರುಚುತ್ತಲೇ ಇರುತ್ತದೆ. ಆ ತಿರುಚು ರಬ್ಬರಿನಲ್ಲಿ ಕರಗದಿದ್ದರೆ ಬಾಡಿ ಬೋಲ್ಟ್ ಪಕ್ಕದಲ್ಲೇ ಬಿರುಕು ಬಿಡುತ್ತದೆ. ರಬ್ಬರ್ ಅಪ್ಪಚ್ಚಿಯಾಗುವಷ್ಟು ಬಿಗಿದರೂ ಅದೇ ಕಥೆ. ಫೈಬರ್ ಬಾಡಿಗೆ ದೊಡ್ಡ ವಾಷರ್ ಹಾಕಿ, ಇನ್ನೂ ಮೆಲ್ಲಗೆ ಬಿಗಿಯಬೇಕು.

ಮೊದಲು 5 ಮಿಲಿಮೀಟರ್ ಸಣ್ಣ ತೂತು, ಮುಂದೆ ಒಂದು, ಎದುರು ಮೂಲೆಯಲ್ಲಿ ಹಿಂದೆ ಒಂದು. ಮತ್ತೆ ಅಳತೆ. ಸರಿ ಇದ್ದರೆ ಮಾತ್ರ ತೂತು ದೊಡ್ಡದು ಮಾಡುವುದು, ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ ಹಿಡಿಸುವುದು. ಸ್ಪ್ಯಾನರ್ ಆಮೇಲೆ, ಮೂಲೆಯಿಂದ ಮೂಲೆಗೆ. ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಗೆ ಬರಲು ಮಾಲೀಕರಿಗೆ ಹೇಳಿ ಕಳಿಸುತ್ತೇನೆ.

ಈಗಲೂ ಶೆಡ್ಡಿನಲ್ಲಿ ಒಂದು ಜೀಪು ನಿಂತಿದೆ. ಬಾಡಿ ಮರದ ತುಂಡುಗಳ ಮೇಲೆ, ಇವತ್ತಿಗೆ ಮೂರನೇ ದಿನ. ಒಂದೂ ತೂತು ಹೊಡೆದಿಲ್ಲ. ನಾಳೆ ಬೆಳಿಗ್ಗೆ ಹಿಂಬಾಗಿಲು ತೂಗುಹಾಕಿ ನೋಡಬೇಕು.