ಕೊನೆ ಬೆಂಚಿನಲ್ಲಿ ಕೂತು ಏನು ಬರೆದುಕೊಳ್ಳಬೇಕು?

ಶಿಕ್ಷಕರಾಗಲು ಕಲಿಯುತ್ತಿರುವವರು ಶಾಲೆಯಲ್ಲಿ ಮಾಡುವ ಬೋಧನಾಭ್ಯಾಸದ ಮೊದಲ ವಾರದಲ್ಲಿ, ಬೇರೆಯವರ ಪಾಠ ನೋಡಿ ಬರೆಯುವ ವೀಕ್ಷಣಾ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಸಾಲುಗಳು: ‘ಪೀಠಿಕೆ ಚೆನ್ನಾಗಿತ್ತು. ಕಪ್ಪುಹಲಗೆಯ ಬಳಕೆ ಸಮರ್ಪಕ. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು.’ ಕೆಳಗೊಂದು ಸಹಿ ಬಿದ್ದರೆ ಮುಗಿಯಿತು. ಇದನ್ನು ಓದಿಕೊಂಡು ಮರುದಿನ ಯಾರೂ ಪಾಠ ಮಾಡಲಾರರು. ಪಳಗಿದ ಶಿಕ್ಷಕರ ತರಗತಿ ತಾನಾಗಿಯೇ ನಡೆಯುತ್ತಿರುವಂತೆ ಕಾಣುತ್ತದೆ. ಅದನ್ನು ನಡೆಸುತ್ತಿರುವ ಸಣ್ಣಪುಟ್ಟ ಕೆಲಸಗಳು ಕಣ್ಣಿಗೆ ಬೀಳಬೇಕಾದರೆ, ಒಂದು ಪೀರಿಯಡ್‌ನಲ್ಲಿ ಒಂದನ್ನೇ ಹಿಡಿದು ನೋಡಬೇಕು.

ತರಗತಿಯಲ್ಲಿ ಯಾರು ಎಷ್ಟು ಮಾತಾಡುತ್ತಾರೆಂದು ದಾಖಲಿಸುವ ಫ್ಲ್ಯಾಂಡರ್ಸ್ ಪದ್ಧತಿಯನ್ನು ಕಾಲೇಜಿನಲ್ಲಿ ಓದಿಯೇ ಇರುತ್ತೀರಿ: ಪ್ರತಿ 3 ಸೆಕೆಂಡಿಗೊಮ್ಮೆ 10 ವರ್ಗಗಳಲ್ಲಿ ಒಂದರ ಸಂಖ್ಯೆ ಬರೆಯುವುದು, 7 ಶಿಕ್ಷಕರ ಮಾತಿಗೆ, 2 ಮಕ್ಕಳ ಮಾತಿಗೆ, ಉಳಿದ 1 ಮೌನ ಅಥವಾ ಗೊಂದಲಕ್ಕೆ. ರೂಢಿಯಿಲ್ಲದವರು ಇದನ್ನು ಹಿಡಿದು ಕೂತರೆ 40 ನಿಮಿಷಕ್ಕೆ 800 ಅಂಕಿ ಬರೆಯುವಷ್ಟರಲ್ಲಿ ಪಾಠವೇ ಕೈತಪ್ಪಿರುತ್ತದೆ. ಹಾಳೆಯ ನಡುವೆ ಒಂದು ಗೆರೆ ಎಳೆದುಕೊಳ್ಳುವುದು ಮೇಲು. ಎಡಕ್ಕೆ ಗಡಿಯಾರದ ಸಮಯ, ಕಂಡದ್ದು ಕೇಳಿದ್ದು ಇದ್ದ ಹಾಗೇ. ಬಲಕ್ಕೆ ನಿಮಗೆ ಹುಟ್ಟಿದ ಪ್ರಶ್ನೆ. ‘ಚೆನ್ನಾಗಿ’, ‘ಸಮರ್ಪಕ’ ಎಂಬ ಪದಗಳು ಎಡಭಾಗಕ್ಕೆ ಬರಲೇಬಾರದು. ಭಿನ್ನರಾಶಿ ಪಾಠದ ಎಡಭಾಗ ಹೀಗಿರಬಹುದು:

10:12 – ಟೀಚರ್: ‘1/2 + 1/3 ಎಷ್ಟು?’ 4 ಸೆಕೆಂಡ್ ಯಾರೂ ಮಾತಾಡಲಿಲ್ಲ. ಕಿಟಕಿ ಪಕ್ಕದ ಹುಡುಗ: ‘2/5.’ ಟೀಚರ್ ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. 2/5 ಅಂತ ಬೋರ್ಡಿನಲ್ಲಿ ಬರೆದರು.
10:13 – ‘ಇದು ಅರ್ಧಕ್ಕಿಂತ ಜಾಸ್ತಿನೋ ಕಮ್ಮಿನೋ?’ ಗುಜುಗುಜು. ಹುಡುಗಿಯೊಬ್ಬಳು: ‘ಕಮ್ಮಿ.’ ಟೀಚರ್: ‘ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ವಿ, ಕಮ್ಮಿ ಹೇಗಾಯ್ತು?’

ಇಷ್ಟು ಬರೆದಿದ್ದರೆ ಕೇಳಲು ಏನೋ ಇರುತ್ತದೆ. ಮೇಲಿನ ಅಂಕಿಗೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡಿಸುವ ಈ ತಪ್ಪು ಬಂದೇ ಬರುತ್ತದೆಂದು ಟೀಚರ್‌ಗೆ ಮೊದಲೇ ಗೊತ್ತಿತ್ತು. ಅರ್ಧದೊಂದಿಗೆ ಹೋಲಿಸುವ ಪ್ರಶ್ನೆಯನ್ನು ತಯಾರು ಮಾಡಿಕೊಂಡೇ ಬಂದಿದ್ದರು. ಪಾಠ ಯೋಜನೆಯಲ್ಲಿ ಇದು ಎಲ್ಲೂ ಬರೆದಿರುವುದಿಲ್ಲ. ‘ನೀವು ಹೇಗೆ ಇಷ್ಟು ಚೆನ್ನಾಗಿ ಪಾಠ ಮಾಡ್ತೀರಿ?’ ಎಂದು ಕೇಳಿದರೆ ಮಾರ್ಗದರ್ಶಿ ಶಿಕ್ಷಕರು, ಅಂದರೆ ನೀವು ಯಾರ ತರಗತಿಯಲ್ಲಿ ಕೂತಿದ್ದೀರೋ ಆ ಶಿಕ್ಷಕರು, ‘ಅನುಭವ’ ಎಂದು ನಕ್ಕು ಸುಮ್ಮನಾಗುತ್ತಾರೆ. ಅವರದೇನೂ ತಪ್ಪಿಲ್ಲ, ಕೈಗೆ ಕೂತ ಕೆಲಸ ಬಾಯಿಗೆ ಸುಲಭವಾಗಿ ಬರುವುದಿಲ್ಲ. ‘ಮೇಡಂ, ಅವನು 2/5 ಅಂದಾಗ ತಪ್ಪು ಅಂತ ಹೇಳ್ಲಿಲ್ಲವಲ್ಲ, ಯಾಕೆ?’ ಎಂದು ಒಂದು ಗಳಿಗೆಯನ್ನು ಮುಂದಿಟ್ಟರೆ ಮಾತು ಹೊರಡುತ್ತದೆ. ಕೇಳುವುದು ತರಗತಿ ಮುಗಿದ ಮೇಲೆ, ಮಕ್ಕಳ ಎದುರಲ್ಲಲ್ಲ.

ಆ 4 ಸೆಕೆಂಡ್ ಕೂಡ ಮುಖ್ಯ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡಿನಷ್ಟೂ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಹೊಸಬರಿಗೆ ಆ ಮೌನ ಸಹಿಸಲಾಗದು. ತಾವೇ ಉತ್ತರ ಹೇಳಿಬಿಡುತ್ತಾರೆ, ಇಲ್ಲವೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿ ಯೋಚಿಸುತ್ತಿದ್ದವರನ್ನೂ ಕೆಡಿಸುತ್ತಾರೆ. ಮನಸ್ಸಿನಲ್ಲೇ ‘ಒಂದು, ಎರಡು, ಮೂರು’ ಎಣಿಸಿ. ಹೆಸರು ಕರೆಯುವುದಿದ್ದರೆ ಪ್ರಶ್ನೆ ಮುಗಿದು ಎಣಿಕೆಯೂ ಮುಗಿದ ಮೇಲೆ ಕರೆಯಿರಿ. ಮೊದಲೇ ಕರೆದರೆ ಉಳಿದವರಿಗೆ ಆಗಲೇ ರಜೆ.

ಪೂರ್ತಿ ಪಾಠಕ್ಕೆ ಮುಂಚೆ ತುಂಡು ಪಾಠ ಕೇಳಿ ಪಡೆಯಿರಿ: ಒಂದು ದಿನ ಹಾಜರಿ ಮತ್ತು ಹೋಂವರ್ಕ್ ನೋಡುವುದು, ಇನ್ನೊಂದು ದಿನ 10 ನಿಮಿಷದ ಚಟುವಟಿಕೆ. ಹಾಳೆ ಹಂಚುವುದನ್ನೇ ತೆಗೆದುಕೊಳ್ಳಿ. 45 ಮಕ್ಕಳಿಗೆ ತಲೆಗೆ 5 ಸೆಕೆಂಡಿನಂತೆ ನೀವೇ ಹಂಚುತ್ತಾ ಹೋದರೆ ಪೌಣಾ ನಾಲ್ಕು ನಿಮಿಷ ಹೋಯಿತು, ಮೊದಲು ಸಿಕ್ಕವರು ಅಷ್ಟರಲ್ಲಿ ವಿಮಾನ ಮಡಚಿರುತ್ತಾರೆ. ಸಾಲಿನ ಮೊದಲನೆಯವರ ಕೈಗೆ ಎಣಿಸಿ ಕೊಟ್ಟು ಹಿಂದಕ್ಕೆ ದಾಟಿಸಿದರೆ ಒಂದು ನಿಮಿಷ ಸಾಕು. ಏನು ಮಾಡಬೇಕು ಅನ್ನುವುದನ್ನು ಹಂಚುವ ಮೊದಲೇ ಹೇಳಿ, ಯಾರಾದರೊಬ್ಬರ ಬಾಯಲ್ಲಿ ತಿರುಗಿ ಹೇಳಿಸಿ. ಹಾಳೆ ಕೈಗೆ ಬಂದ ಮೇಲೆ ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ.

ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಭಾಗ ಮಾಡಿ, ಒಂದು ಪಕ್ಕದಲ್ಲಿ ಹೊಸ ಪದಗಳು ಪಾಠ ಮುಗಿಯುವ ತನಕ ಉಳಿಯಲಿ. ಚಾಕ್‌ಪೀಸ್ ಕಿರುಗುಟ್ಟಿದರೆ ಅರ್ಧಕ್ಕೆ ಮುರಿಯಿರಿ. ಬರೆದದ್ದು ಹಿಂದಿನ ಸಾಲಿಗೆ ಕಾಣುತ್ತದೋ ಇಲ್ಲವೋ ಎಂದು ಮಕ್ಕಳನ್ನು ಕೇಳಬೇಡಿ, ‘ಕಾಣ್ಸುತ್ತೆ ಸರ್’ ಎಂದೇ ಅನ್ನುತ್ತಾರೆ. ನೀವೇ ಹೋಗಿ ನಿಂತು ನೋಡಿ.

ಮೊದಲ ಪೂರ್ತಿ ಪಾಠ ಕೆಡುವುದು ಹೆಚ್ಚಾಗಿ ಪೀಠಿಕೆಯಲ್ಲೇ. 5 ನಿಮಿಷವೆಂದು ಬರೆದದ್ದು 12 ಆಗುತ್ತದೆ, ಏಕೆಂದರೆ ಮಕ್ಕಳ ಉತ್ತರಗಳೆಲ್ಲ ಬೇಕೆನಿಸುತ್ತವೆ. ಆ 7 ನಿಮಿಷವನ್ನು ಮಕ್ಕಳು ತಾವಾಗಿ ಮಾಡಬೇಕಿದ್ದ ಅಭ್ಯಾಸದಿಂದ ಕಿತ್ತುಕೊಳ್ಳಬೇಕಾಗುತ್ತದೆ. ಬೆಲ್ ಹೊಡೆದಾಗ ಯಾರಿಗೆ ತಿಳಿಯಿತು, ಯಾರಿಗೆ ಇಲ್ಲ ಎನ್ನುವುದೇ ಗೊತ್ತಿರುವುದಿಲ್ಲ. ಯೋಜನೆಯಲ್ಲಿ ‘5 ನಿಮಿಷ’ ಎನ್ನುವ ಬದಲು ‘10:05ಕ್ಕೆ ಮೊದಲ ಲೆಕ್ಕ ಶುರು’ ಎಂದು ಬರೆಯಿರಿ. ತಡವಾದರೆ ಯಾವುದನ್ನು ಬಿಡುವುದು ಎಂಬುದಕ್ಕೂ ಮೊದಲೇ ಒಂದು ಗುರುತು ಹಾಕಿಡಿ. ಪಾಠದ ನಡುವೆ ನಿಂತು ಅದನ್ನು ತೀರ್ಮಾನಿಸಲು ಹೊರಟರೆ ಬಿಡಬಾರದ್ದನ್ನೇ ಬಿಡುತ್ತೀರಿ.

ಇನ್ನೊಂದು ಮಾತನ್ನು ಪಾಠಕ್ಕೆ ಮೊದಲೇ ಆಡಿಕೊಳ್ಳಬೇಕು. ಮಾರ್ಗದರ್ಶಿ ಶಿಕ್ಷಕರು ಹಿಂದೆ ಕೂತಿದ್ದರೆ ಮಕ್ಕಳು ನಿಮಗೆ ಉತ್ತರ ಹೇಳಿ, ಸರಿಯೇ ಎಂದು ಅವರ ಮುಖ ನೋಡುತ್ತಾರೆ. ಆಗ ಅವರು ತಲೆ ತಗ್ಗಿಸಿ ಬರೆಯುತ್ತಿರಲಿ. ಮಗು ಅವರ ಬಳಿಗೆ ಬಂದರೆ ನಿಮ್ಮತ್ತ ಕೈ ತೋರಿಸಲಿ. ನೀವು ತಪ್ಪು ಹೇಳಿದರೆ? ಅವರು ಕೈ ಎತ್ತುವುದು, ‘ಸರ್, ಆ ಮೂರನೇ ಸಾಲು ಇನ್ನೊಮ್ಮೆ ನೋಡೋಣವಾ?’ ಎನ್ನುವುದು, ನೀವೇ ತಿದ್ದುವುದು. ಎದ್ದು ಬಂದು ಅವರೇ ಚಾಕ್ ಹಿಡಿದರೆ ಆ ಪೀರಿಯಡ್ ಮತ್ತೆ ನಿಮ್ಮ ಕೈಗೆ ಬರುವುದಿಲ್ಲ.

ಅವರಿಗೂ ಒಂದೇ ಕೆಲಸ ಕೊಡಿ. ‘ಹೇಗಿತ್ತು?’ ಎಂದು ಕೇಳಿದರೆ ‘ಪರವಾಗಿಲ್ಲ, ಧ್ವನಿ ಸ್ವಲ್ಪ ಜೋರಾಗಬೇಕು’ ಎಂಬ ಉತ್ತರ ಬರುತ್ತದೆ. ತರಗತಿಯ ನಕ್ಷೆ ಬರೆದು, ಯಾರನ್ನು ಪ್ರಶ್ನೆ ಕೇಳಿದಿರೋ ಅವರ ಜಾಗದಲ್ಲಿ ಗೀಟು ಹಾಕುವಂತೆ ಕೋರಿ. ಗೀಟುಗಳು ಮುಂದಿನ ಎರಡು ಸಾಲಿನಲ್ಲೋ ನಡುಭಾಗದಲ್ಲೋ ಗುಂಪುಗೂಡಿರುವುದು ಬಹಳ ಸಾಮಾನ್ಯ. ಅದನ್ನು ನೋಡುವಾಗ ‘ಅವರು ಕೈ ಎತ್ತಲಿಲ್ಲ, ಅದಕ್ಕೆ’ ಎಂದು ಸಮಜಾಯಿಷಿ ಕೊಡಬೇಡಿ, ಗೀಟಿಲ್ಲದ ಜಾಗಗಳ ಹೆಸರು ಬರೆದುಕೊಳ್ಳಿ. ನಾಳೆಯ ಪಾಠ ಯೋಜನೆಯ ಅಂಚಿನಲ್ಲಿ ಅದರಿಂದ ಮೂರು ಹೆಸರು, ಪಕ್ಕದಲ್ಲಿ ಅವರಿಗೆ ಕೇಳುವ ಪ್ರಶ್ನೆ. ಮೊದಲನೆಯದು ಅವರು ಖಂಡಿತ ಉತ್ತರಿಸಬಲ್ಲಂಥದ್ದಾಗಿರಲಿ.