ನಾಲ್ಕು ಸ್ವಿಚ್, ಒಂದೇ ಸಾಲು

ಆಟಿ ತಿಂಗಳ ಮಳೆ. ಪಣಂಬೂರಿನ ಶೆಡ್ಡಿನ ತಗಡಿನ ಮೇಲೆ ಅದು ಬೀಳುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಕಸ್ಟಮ್ಸ್ ಅಧಿಕಾರಿ ಅಂಗೈ ಅಗಲದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ನಮ್ಮ ಹುಡುಗನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕು ಸ್ಕ್ರೂ ತಾವೇ ಬಿಚ್ಚಿದರು.

“ಇದೆಂತ ಮಾರಾಯ್ರೆ, ಒಳಗೆ ಏನೂ ಇಲ್ವಲ್ಲ!”

ನಿಜವೇ. ಎದುರಿನ ತಿರುಗಣೆಗೆ ಅಂಟಿಕೊಂಡ ಒಂದು ರೋಟರಿ ಸ್ವಿಚ್, ಅದರಿಂದ 25 ಪಿನ್ನಿನ ಮೂರು ಸಾಕೆಟ್‌ಗಳಿಗೆ ಹೋಗುವ ಬಣ್ಣಬಣ್ಣದ ತಂತಿಗಳ ಗೊಂಚಲು. ಚಿಪ್ ಇಲ್ಲ, ಬೋರ್ಡ್ ಇಲ್ಲ, ಕರೆಂಟ್ ಕೊಡುವ ಜಾಗವೂ ಇಲ್ಲ. ಎರಡು ಕಂಪ್ಯೂಟರ್‌ಗೆ ಒಂದೇ ಪ್ರಿಂಟರ್ ಹಂಚುವ ಹಳೇ ಕಾಲದ ಡಬ್ಬ ಅದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿಡದ ಕಡೆಗಳಲ್ಲಿ ಇನ್ನೂ ಕೇಳುತ್ತಾರಂತೆ.

ನಾನು ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದು ಮಾಲಿನ ಘೋಷಣೆಯಲ್ಲಿ, ಅದನ್ನು ಬರೆದದ್ದು ಹೀಗೆ: ಕಂಪ್ಯೂಟರ್ ಪಾರ್ಟ್ಸ್, ಸ್ವಿಚ್. ಸುಂಕಪಟ್ಟಿಯ ನಂಬರ್ 8473 30 99. ಸುಂಕ ಸೊನ್ನೆ.

ನಾನು ಕೆಲಸ ಮಾಡುವುದು ಬೈಕಂಪಾಡಿಯ ಒಂದು ಸಣ್ಣ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ, ಗಿರಾಕಿಗಳ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡುವ ಕಡೆ. ಕಸ್ಟಮ್ಸ್ ಪರೀಕ್ಷೆ ಪಾಸಾದ ನೌಕರರಿಗೆ ಕೊಡುವ ಜಿ ಕಾರ್ಡ್ ಇದೆ, ಹನ್ನೊಂದು ವರ್ಷವಾಯಿತು. ನವಮಂಗಳೂರು ಬಂದರಿನಲ್ಲಿ ನಮ್ಮಂಥವರ ದಿನನಿತ್ಯದ ಅನ್ನ ಅಂದರೆ ಆಫ್ರಿಕಾದ ಗೇರುಬೀಜ, ಮರದ ದಿಮ್ಮಿ, ಹೊರಗೆ ಹೋಗುವ ಕಾಫಿ. ಸಿಪ್ಪೆ ಸಮೇತದ ಗೇರುಬೀಜಕ್ಕೆ 0801 31 00, ದಿಮ್ಮಿಗೆ 4403. ಇವನ್ನು ನಿದ್ದೆಯಲ್ಲೂ ಟೈಪ್ ಮಾಡುತ್ತೇನೆ. ಎಲೆಕ್ಟ್ರಾನಿಕ್ಸ್ ನಮ್ಮ ಕಡೆ ಬರುವುದು ಕಡಿಮೆ. ಬಂದಾಗ ಕೈ ಸ್ವಲ್ಪ ನಡುಗುತ್ತದೆ. ಆದರೆ ಅವತ್ತು ನಡುಗಲಿಲ್ಲ. ಅದೇ ತಪ್ಪಾದದ್ದು.

ಗಿರಾಕಿ ಮಣಿಪಾಲದ ಕಡೆಯವರು, ಕಂಪ್ಯೂಟರ್ ಲ್ಯಾಬ್‌ಗಳಿಗೆ ಸಾಮಾನು ಒದಗಿಸುವವರು. ಇನ್‌ವಾಯ್ಸ್‌ನಲ್ಲಿ ನಾಲ್ಕು ಸಾಲು, ನಾಲ್ಕರಲ್ಲೂ ‘ಸ್ವಿಚ್’. ನಾಲ್ಕು ಕಂಪ್ಯೂಟರ್‌ಗೆ ಒಂದೇ ಕೀಬೋರ್ಡ್, ಮೌಸ್, ಮಾನಿಟರ್ ಸಾಕಾಗುವ ಹಾಗೆ ಮಾಡುವ ಕೆವಿಎಂ ಸ್ವಿಚ್ 40. ಮೇಲೆ ಹೇಳಿದ ಪ್ರಿಂಟರ್ ಡಬ್ಬ 30. ಹದಿನಾರು ಪೋರ್ಟಿನ ನೆಟ್‌ವರ್ಕ್ ಸ್ವಿಚ್ 12. ಮತ್ತೆ ಕ್ಯಾಬಿನೆಟ್‌ನ ಪವರ್ ಬಟನ್ನಿನ ಹಿಂದೆ ಕೂರುವ ಪುಟ್ಟ ಪುಶ್ ಸ್ವಿಚ್ 5,000. “ಎಲ್ಲ ಕಂಪ್ಯೂಟರ್‌ಗೇ ಹೋಗುವುದು ಸಾರ್. ಹೋದ ಸಲ ಬೇರೆ ಪೋರ್ಟಲ್ಲಿ ಪಾರ್ಟ್ಸ್ ಅಂತಲೇ ಬಿಟ್ಟಿದ್ದರು” ಅಂದರು ಗಿರಾಕಿ. ನಾನೂ ನಾಲ್ಕು ಸಾಲನ್ನು ಒಂದು ಸಾಲು ಮಾಡಿ ಹಾಕಿದೆ. ಕ್ಯಾಟಲಾಗ್ ಕೇಳಲಿಲ್ಲ. ಊಟದ ಹೊತ್ತಾಗಿತ್ತು ಅಂತ ಒಂದು ನೆಪ ಹೇಳಬಹುದು, ಆದರೆ ಕೇಳಬೇಕು ಅಂತ ಹೊಳೆಯಲೇ ಇಲ್ಲ ಅನ್ನುವುದು ಸತ್ಯ.

2020ರಿಂದ ಅಸೆಸ್‌ಮೆಂಟ್ (ಸುಂಕ ನಿಗದಿ) ಫೇಸ್‌ಲೆಸ್ ಆಗಿದೆ ಅಲ್ವಾ. ಪಣಂಬೂರಿನಲ್ಲಿ ಹಾಕಿದ ಬಿಲ್ಲನ್ನು ದೇಶದ ಯಾವುದೋ ಮೂಲೆಯ ಅಧಿಕಾರಿ ನೋಡುತ್ತಾರೆ. ಮೊದಲಾದರೆ ಮಹಡಿ ಹತ್ತಿ ಹೋಗಿ, “ಸಾರ್, ಇದು ಹೀಗೆ” ಅಂತ ಎರಡು ಮಾತು ಆಡಬಹುದಿತ್ತು. ಈಗ ಬರೆದದ್ದಷ್ಟೇ ಮಾತು. ಮರುದಿನ ಸಂಜೆ ಕ್ವೆರಿ ಬಂತು. ಸ್ವಿಚ್ ಅಂದಮೇಲೆ 8536 ಯಾಕಲ್ಲ? ಯಾವ ಬಗೆಯ ಸ್ವಿಚ್? ಪ್ರತಿಯೊಂದಕ್ಕೂ ತಾಂತ್ರಿಕ ವಿವರ ಕೊಡಿ. ನನ್ನ ಅರೆಬರೆ ಉತ್ತರ ನೋಡಿ ಫಸ್ಟ್ ಚೆಕ್ ಹಾಕಿದರು, ಅಂದರೆ ಮೊದಲು ಮಾಲು ಬಿಚ್ಚಿ ನೋಡಿ, ಆಮೇಲೆ ಸುಂಕ ನಿಗದಿ. ಹಾಗೆ ಬಂದದ್ದು ಆ ಸ್ಕ್ರೂಡ್ರೈವರ್.

ಆ ರಾತ್ರಿ ಟ್ಯಾರಿಫ್ ಪುಸ್ತಕ ಹಿಡಿದು ಕೂತೆ. ನನ್ನ ಲೆಕ್ಕ ಸರಳವಾಗಿತ್ತು: ಕಂಪ್ಯೂಟರ್‌ಗೆ ಮಾತ್ರ ಬಳಸುವ ವಸ್ತು ಕಂಪ್ಯೂಟರ್‌ನ ಬಿಡಿಭಾಗ, ಅದಕ್ಕೆ 8473. ಆದರೆ 84 ಮತ್ತು 85ನೇ ಅಧ್ಯಾಯ ಎರಡೂ ಸೇರುವ 16ನೇ ವಿಭಾಗದ ಆರಂಭದಲ್ಲೇ ಟಿಪ್ಪಣಿ 2 ಇದೆ. ಬಿಡಿಭಾಗಗಳ ಬಗ್ಗೆ ಅದು ಮೊದಲು ಹೇಳುವುದೇ ಇದನ್ನು: ಆ ಭಾಗಕ್ಕೆ ಈ ಎರಡು ಅಧ್ಯಾಯಗಳಲ್ಲಿ ಸ್ವಂತ ಶೀರ್ಷಿಕೆ (ನಾಲ್ಕು ಅಂಕಿಯ ನಂಬರ್) ಇದ್ದರೆ, ಕೆಲವು ಹೆಸರಿಸಿದ ಶೀರ್ಷಿಕೆ ಬಿಟ್ಟು, ಅದು ಅಲ್ಲಿಗೇ ಹೋಗಬೇಕು. ಯಾವ ಯಂತ್ರಕ್ಕೆ ಹಾಕುತ್ತೀರಿ ಅನ್ನುವುದು ಆಮೇಲಿನ ಮಾತು. ಸ್ವಿಚ್ಚಿಗೆ ಸ್ವಂತ ಮನೆ ಇದೆ. 1,000 ವೋಲ್ಟ್‌ವರೆಗೆ ಸರ್ಕ್ಯೂಟ್ ಕೂಡಿಸುವ, ಬಿಡಿಸುವ, ಕಾಪಾಡುವ ಸಾಧನಗಳಿಗೆ 8536. ಅದಕ್ಕೂ ಮೇಲಾದರೆ 8535. ಹಾಗಾಗಿ ಪವರ್ ಬಟನ್ನಿನ ಪುಶ್ ಸ್ವಿಚ್ಚನ್ನು ಕಂಪ್ಯೂಟರ್ ಕ್ಯಾಬಿನೆಟ್‌ಗೆಂದೇ ಅಳತೆ ಕೊಟ್ಟು ಮಾಡಿಸಿದ್ದರೂ ಅದು 8536ರದ್ದೇ. ಈ ಟಿಪ್ಪಣಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕೆಲಸಕ್ಕೆ ಬೇಕಾದಾಗ ನೆನಪಾಗಲಿಲ್ಲ.

ಪ್ರಿಂಟರ್ ಡಬ್ಬದ್ದೂ ಅದೇ ಕತೆ. ಅದಕ್ಕೆ ಡೇಟಾ ಅಂದರೇನು ಅಂತಲೇ ಗೊತ್ತಿಲ್ಲ. ತಿರುಗಣೆ ತಿರುಗಿಸಿದರೆ ತಂತಿ ಆ ಕಡೆ ಸೇರುತ್ತದೆ, ಮತ್ತೆ ತಿರುಗಿಸಿದರೆ ಈ ಕಡೆ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಹೆಸರಿಗೆ ಸ್ವಿಚ್, ಮಾಡುವ ಕೆಲಸ ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವುದು. ಅದು 8517 62.

ಕೆವಿಎಂ ಮಾತ್ರ ನನ್ನ ಎರಡು ರಾತ್ರಿ ತಿಂದಿತು. ಕ್ವೆರಿಯ ಧಾಟಿ ನೋಡಿದರೆ ಅದನ್ನೂ 8536ಕ್ಕೆ ಎಳೆಯುವ ಹಾಗಿತ್ತು. ಅದರ ಮುಚ್ಚಳ ತೆಗೆದಾಗ ಒಳಗೆ ಹಸಿರು ಬೋರ್ಡ್, ಅದರ ಮೇಲೆ ಕಂಟ್ರೋಲರ್ ಚಿಪ್. ತಯಾರಕರಿಂದ ಡೇಟಾಶೀಟ್ ತರಿಸಿ ಓದಿದೆ. ನಾವು ಒಂದು ಕಂಪ್ಯೂಟರ್ ನೋಡುತ್ತಿರುವಾಗ ಉಳಿದ ಮೂರಕ್ಕೆ ಇದು “ಕೀಬೋರ್ಡ್ ಇದೆ, ಮೌಸ್ ಇದೆ” ಅಂತ ಸುಳ್ಳು ಹೇಳುತ್ತಾ ಕೂರುತ್ತದೆ. ಇಲ್ಲದಿದ್ದರೆ ಅವು ಕೀಬೋರ್ಡ್ ಕಿತ್ತುಹೋಯಿತು ಅಂದುಕೊಳ್ಳುತ್ತವೆ. ಮಾನಿಟರ್‌ನ ಗುರುತಿನ ಮಾಹಿತಿ ಇಟ್ಟುಕೊಂಡು ಕಂಪ್ಯೂಟರ್‌ಗಳಿಗೆ ಒಪ್ಪಿಸುತ್ತದೆ. ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿದರೆ, ಅದು ತನಗೆ ಬಂದ ಆಜ್ಞೆ ಅಂತ ತಿಳಿದು ಮುಂದಿನ ಕಂಪ್ಯೂಟರ್‌ಗೆ ಜಿಗಿಯುತ್ತದೆ. ತಂತಿ ಕೂಡಿಸಿ ಬಿಡಿಸುವ ಡಬ್ಬ ಇಷ್ಟೆಲ್ಲ ಮಾಡುವುದಿಲ್ಲ.

84ನೇ ಅಧ್ಯಾಯದ ಟಿಪ್ಪಣಿ 6ರ ಸಿ ಭಾಗ ಇದಕ್ಕೆ ಸಿಕ್ಕಿತು. (2022ರ ಪರಿಷ್ಕರಣೆಗೆ ಮುಂಚೆ ಇದು ಟಿಪ್ಪಣಿ 5. ನನ್ನ ಮೊದಲ ಕರಡಿನಲ್ಲಿ ಹಳೇ ನಂಬರೇ ಇತ್ತು, ನಮ್ಮ ಆಫೀಸಿನ ಹಿರಿಯರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು.) ಒಂದು ಘಟಕ ಕಂಪ್ಯೂಟರ್ ವ್ಯವಸ್ಥೆಯ ಭಾಗ ಅನ್ನಿಸಿಕೊಳ್ಳಲು ಮೂರು ಷರತ್ತು. ಅದು ಪೂರ್ತಿಯಾಗಿ ಅಥವಾ ಮುಖ್ಯವಾಗಿ ಅಂಥ ವ್ಯವಸ್ಥೆಗೇ ಬಳಸುವಂಥದ್ದಾಗಿರಬೇಕು. ಸಿಪಿಯುಗೆ ನೇರವಾಗಿಯೋ ಬೇರೆ ಘಟಕದ ಮೂಲಕವೋ ಜೋಡಿಸಲು ಬರಬೇಕು. ಆ ವ್ಯವಸ್ಥೆಗೆ ಅರ್ಥವಾಗುವ ಕೋಡ್ ಅಥವಾ ಸಿಗ್ನಲ್ ರೂಪದಲ್ಲಿ ಡೇಟಾ ತೆಗೆದುಕೊಳ್ಳಬೇಕು, ಇಲ್ಲವೇ ಕೊಡಬೇಕು. ಕೆವಿಎಂ ಮೂರನ್ನೂ ದಾಟುತ್ತದೆ ಅಂತ ಡೇಟಾಶೀಟಿನ ಸಾಲು ತೋರಿಸಿ ಬರೆದೆ. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳೂ ಕಂಪ್ಯೂಟರ್‌ಗಳ ಶೀರ್ಷಿಕೆಯಾದ 8471ರ ಕೆಳಗೆ ಕಂಟ್ರೋಲ್ ಮತ್ತು ಅಡಾಪ್ಟರ್ ಯೂನಿಟ್‌ಗಳ ಹೆಸರು ಹೇಳುತ್ತವೆ, ಸಿಪಿಯುವನ್ನು ಇನ್‌ಪುಟ್, ಔಟ್‌ಪುಟ್ ಸಾಧನಗಳ ಗುಂಪಿಗೆ ಜೋಡಿಸುವಂಥವು. ಅದನ್ನೂ ಸೇರಿಸಿದೆ. ಕೇಳಿದ್ದು 8471 80 00.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಾಡೆಲ್‌ಗೆ ನೆಟ್‌ವರ್ಕ್ ಪೋರ್ಟ್ ಇರಲಿಲ್ಲ, ಬಚಾವಾದೆವು. ದೂರದಿಂದ ನೆಟ್‌ವರ್ಕ್ ಮೂಲಕ ನಡೆಸುವ ಕೆವಿಎಂ ಆಗಿದ್ದರೆ ಅದೇ ಟಿಪ್ಪಣಿಯ ಡಿ ಭಾಗ ಎದ್ದು ನಿಲ್ಲುತ್ತಿತ್ತು. ನೆಟ್‌ವರ್ಕ್‌ನಲ್ಲಿ ಸಂವಹನ ಮಾಡುವ ಸಾಧನಗಳನ್ನು ಅದು 8471ರಿಂದ ಹೊರಗೆ ಹಾಕುತ್ತದೆ. ಆಗ ವಾದ ಬೇರೆ, ದರವೂ ಬೇರೆ.

ಪುಶ್ ಸ್ವಿಚ್ಚಿನಲ್ಲಿ ಇನ್ನೊಂದು ಆಸೆ ಹುಟ್ಟಿತ್ತು. ಪಟ್ಟಿ ಮಾಡಿದ ವಸ್ತುಗಳ ಸುಂಕ ತೆಗೆಯುವ 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಆ ಪಟ್ಟಿಯಲ್ಲಿ 8536 50ರ ಕೆಲವು ಸ್ವಿಚ್‌ಗಳೂ ಇವೆ. ಅದರಲ್ಲೊಂದು, 11 ಆ್ಯಂಪಿಯರ್ ಮೀರದ ಸ್ನ್ಯಾಪ್ ಆ್ಯಕ್ಷನ್ ಸ್ವಿಚ್. ಅದಾಗಿದ್ದರೆ ವಿನಾಯಿತಿ ಕೇಳಬಹುದಿತ್ತು. ಸ್ನ್ಯಾಪ್ ಆ್ಯಕ್ಷನ್ ಅಂದರೆ ಒತ್ತುತ್ತಾ ಹೋದಾಗ ಒಂದು ಹಂತದಲ್ಲಿ ಒಳಗಿನ ಸ್ಪ್ರಿಂಗ್ ಪಟ್ಟಿ ಟಕ್ ಅಂತ ಹಾರಿ ಕೂರುವುದು. ಬೆರಳಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಮೌಸ್ ಒತ್ತಿದಾಗ ಕೇಳುವ ಟಿಕ್ ಅದೇ. ನಮ್ಮ ಹಿರಿಯರು ಸ್ಯಾಂಪಲ್ ಒಂದನ್ನು ಮಲ್ಟಿಮೀಟರ್‌ಗೆ ಜೋಡಿಸಿ, ಕಣ್ಣು ಮುಚ್ಚಿ, ತೀರಾ ನಿಧಾನಕ್ಕೆ ಒತ್ತಿದರು. ಟಿಕ್ ಬರಲಿಲ್ಲ. ಮೀಟರ್ ಒಮ್ಮೆ ಕೂಗಿತು, ನಿಂತಿತು, ಮತ್ತೆ ಕೂಗಿತು. ಬೆರಳು ಬಂದ ಹಾಗೆ ಕಾಂಟ್ಯಾಕ್ಟ್ ಬರುವ ಸಾದಾ ಸ್ವಿಚ್. “ಬೊಡ್ಚಿ, ಆಸೆ ಬಿಡು” ಅಂದರು. ಡೇಟಾಶೀಟಿನಲ್ಲೂ ಅಂಥ ಮಾತು ಇರಲಿಲ್ಲ.

ದುಡ್ಡಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಗಿರಾಕಿ ಕೇಳಿದ್ದು ಅದನ್ನೇ. ಪುಶ್ ಸ್ವಿಚ್ಚಿನ ಮೌಲ್ಯ 1,10,000 ರೂಪಾಯಿ. ಮೂಲ ಸುಂಕ ಶೇ. 10, ಅಂದರೆ 11,000. ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 1,100. ಇವೆಲ್ಲ ಸೇರಿದ 1,22,100ರ ಮೇಲೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), 21,978. ಸುಂಕ ಸೊನ್ನೆಯಾಗಿದ್ದರೆ ಐಜಿಎಸ್‌ಟಿ 19,800 ಮಾತ್ರ. ಐಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಅದು ವಜಾ ಆಗುತ್ತದೆ, ಹಾಗಾಗಿ ಗಿರಾಕಿಯ ಜೇಬಿಗೆ ನಿಜವಾಗಿ ಕತ್ತರಿ ಬಿದ್ದದ್ದು 12,100. ಡಬ್ಬಗಳಿಂದ 2,310. ನೆಟ್‌ವರ್ಕ್ ಸ್ವಿಚ್ಚಿಗೂ ನಮಗೆ ತಗುಲಿದ ದರ ಶೇ. 10, ಅದರಿಂದ 4,620. ಒಟ್ಟು 19,030 ರೂಪಾಯಿ. ಕೆವಿಎಂ 40ಕ್ಕೆ 1,80,000 ಮೌಲ್ಯ. ಅದೂ 8536ಕ್ಕೆ ಹೋಗಿದ್ದರೆ ಇನ್ನೂ 19,800 ಸೇರುತ್ತಿತ್ತು. ಹೋಗಲಿಲ್ಲ. ನಮ್ಮ ಉತ್ತರ ಒಪ್ಪಿಕೊಂಡರು.

ದೊಡ್ಡ ಮೊತ್ತವಲ್ಲ. ನನಗೆ ಹೆದರಿಕೆ ಇದ್ದದ್ದು ಬೇರೆ ಕಡೆ. ಶೀರ್ಷಿಕೆ ತಪ್ಪಾದರೆ ಅದು ಅಭಿಪ್ರಾಯಭೇದ. ವಸ್ತುವಿನ ವಿವರ ಸರಿಯಾಗಿ ಬರೆದು, ಪ್ರಾಮಾಣಿಕವಾಗಿ ಒಂದು ಶೀರ್ಷಿಕೆ ಕೇಳಿದರೆ ಅದು ಸುಳ್ಳು ಘೋಷಣೆಯಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ನಾರ್ದರ್ನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಹೇಳಿದೆ. ಆದರೆ ನಾನು ವಿವರವನ್ನೇ ನುಂಗಿದ್ದೆ! ಇನ್‌ವಾಯ್ಸ್‌ನಲ್ಲಿ ನಾಲ್ಕು ಬೇರೆ ಬೇರೆ ಹೆಸರು, ನನ್ನ ಬಿಲ್ಲಿನಲ್ಲಿ ‘ಕಂಪ್ಯೂಟರ್ ಪಾರ್ಟ್ಸ್’. ಕಸ್ಟಮ್ಸ್ ಕಾಯ್ದೆಯ 111ನೇ ಕಲಂನ ಎಂ ಉಪಕಲಂ ಕಣ್ಣೆದುರು ಬಂದು ನಿಂತಿತು, ಮಾಲು ಮುಟ್ಟುಗೋಲಿನದ್ದು. ಇನ್‌ವಾಯ್ಸ್ ಪೂರ್ತಿ ಅಪ್‌ಲೋಡ್ ಆಗಿದ್ದರಿಂದ, ಮುಚ್ಚಿಡುವ ಉದ್ದೇಶ ಇರಲಿಲ್ಲ ಅನ್ನುವುದು ಅಲ್ಲೇ ಕಾಣುತ್ತಿತ್ತು. ತಪ್ಪು ಒಪ್ಪಿ ಬರೆದುಕೊಟ್ಟೆವು, ಮರುನಿಗದಿ ಆಯಿತು, ದಂಡ ಬೀಳಲಿಲ್ಲ. ಒಂಬತ್ತು ದಿನದ ನೆಲಬಾಡಿಗೆಯನ್ನು ನಮ್ಮ ಆಫೀಸೇ ಕಟ್ಟಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

“ಹೋದ ಸಲ ಹಾಗೇ ಬಿಟ್ಟಿದ್ದರು” ಅಂದಿದ್ದರಲ್ಲ ಗಿರಾಕಿ, ಆ ಮಾತನ್ನು ನಮ್ಮ ಹಿರಿಯರು ಬಿಡಲಿಲ್ಲ. ಕೂರಿಸಿಕೊಂಡು ಹೇಳಿದರು: ಬಿಟ್ಟದ್ದು ಮುಗಿದದ್ದಲ್ಲ, 28ನೇ ಕಲಂ ಪ್ರಕಾರ ಎರಡು ವರ್ಷದೊಳಗೆ ನೋಟಿಸ್ ಬರಬಹುದು, ಬೇಕೆಂದೇ ಮುಚ್ಚಿಟ್ಟದ್ದು ಅಂತಾದರೆ ಐದು ವರ್ಷ, ಮೇಲೆ ಶೇ. 15 ಬಡ್ಡಿ. ಗಿರಾಕಿ ಗೋಳಿಬಜೆಯ ತಟ್ಟೆ ಪಕ್ಕಕ್ಕೆ ಸರಿಸಿದರು. ನೋಟಿಸ್ ಬರುವ ಮೊದಲೇ ಹಳೇ ವ್ಯತ್ಯಾಸ ಬಡ್ಡಿ ಸಮೇತ ತಾವಾಗಿ ಕಟ್ಟಿ ಮುಗಿಸಿಕೊಂಡರು.

ಈಗ ಇನ್‌ವಾಯ್ಸ್‌ನಲ್ಲಿ ‘ಸ್ವಿಚ್’, ‘ಅಡಾಪ್ಟರ್’, ‘ಕನೆಕ್ಟರ್’, ‘ಮಾಡ್ಯೂಲ್’ ಅಂತ ಕಂಡರೆ ನಾನು ಟೈಪಿಂಗ್ ನಿಲ್ಲಿಸಿ ಫೋನ್ ಎತ್ತುತ್ತೇನೆ. ಇದಕ್ಕೆ ಕರೆಂಟ್ ಬೇಕಾ? ಒಳಗೆ ಚಿಪ್ ಇದೆಯಾ? ನೆಟ್‌ವರ್ಕ್ ಕೇಬಲ್ ಚುಚ್ಚುತ್ತದಾ? ಗಿರಾಕಿಗಳಿಗೆ ಕಿರಿಕಿರಿ. “ಗೇರುಬೀಜಕ್ಕೆ ಇಷ್ಟೆಲ್ಲ ಕೇಳುವುದಿಲ್ಲ ನೀವು” ಅಂತಾರೆ. ನಿಜ, ಗೇರುಬೀಜ ಒಡೆದರೆ ಒಳಗೆ ಗೇರುಬೀಜವೇ ಇರುತ್ತದೆ.

ಮೊನ್ನೆ ಅದೇ ಮಣಿಪಾಲದವರ ಫೋನ್. ಹೊಸ ಮಾಲು ಬರುತ್ತಿದೆ, ಯುಎಸ್‌ಬಿ ಶೇರಿಂಗ್ ಸ್ವಿಚ್. ನಾನು ಬಾಯಿ ತೆರೆಯುವ ಮೊದಲೇ, “ಒಂದು ಪೀಸ್ ಕೊರಿಯರ್ ಮಾಡಿದ್ದೇನೆ ಸಾರ್, ಬಿಚ್ಚಿ ನೋಡಿ” ಅಂದರು. ಬಿಚ್ಚಿದ್ದೇನೆ. ಬೋರ್ಡ್ ಇದೆ, ಚಿಪ್ಪೂ ಇದೆ, ಡೇಟಾಶೀಟ್ ನಾಳೆ ಬರಬೇಕು. ಒಂದು ಸ್ಕ್ರೂ ಮಾತ್ರ ಮೇಜಿನ ಕೆಳಗೆಲ್ಲೋ ಉರುಳಿದೆ, ಸಿಗುತ್ತಾ ಇಲ್ಲ.